ಮೆಣಸು ನಮ್ಮದು, ಕಾಗದ ಯಾರದು?

1992ರ ಡಿಸೆಂಬರ್ ಕೊನೆಯಲ್ಲಿ ಹಸಿರು ಶಾಲು ಹೊದ್ದ ರೈತರ ಗುಂಪೊಂದು ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. ಕೈಗೆ ಸಿಕ್ಕ ಕಡತಗಳನ್ನೆಲ್ಲ ಬಾಚಿ ಬೀದಿಗೆ ಎಸೆದು ಬೆಂಕಿ ಇಟ್ಟಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘದ ಈ ಕೆಲಸವನ್ನು ಕೆಲವರು ಕೊಂಡಾಡಿದರು, ಕೆಲವರು ಪುಂಡಾಟವೆಂದು ಜರೆದರು. ಈ ವಾಗ್ವಾದದ ನಡುವೆ ಒಂದು ಸಣ್ಣ ವಿವರ ಮೂಲೆಗೆ ಸರಿಯಿತು. ಬೀಜದ ಕಂಪನಿಗೆ ಹೋದವರು ಸುಟ್ಟದ್ದು ಕಾಗದ.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷದ ಡಿಸೆಂಬರ್‌ನಲ್ಲಿ, ಜಿನೀವಾದಲ್ಲಿ ಕಚೇರಿಯಿದ್ದ ವ್ಯಾಪಾರ ಒಪ್ಪಂದ ಗ್ಯಾಟ್‌ನ ಮಹಾನಿರ್ದೇಶಕ ಆರ್ಥರ್ ಡಂಕೆಲ್ ನಾನೂರಕ್ಕೂ ಹೆಚ್ಚು ಪುಟಗಳ ಕರಡೊಂದನ್ನು ಮಂಡಿಸಿದ್ದರು. ಅದುವರೆಗೆ ವಿಶ್ವ ವ್ಯಾಪಾರದ ನಿಯಮಗಳಿಗೆ ಬಹುಮಟ್ಟಿಗೆ ಹೊರಗಿದ್ದ ಕೃಷಿ, ಪೇಟೆಂಟ್, ಸೇವೆ ಎಲ್ಲವನ್ನೂ ಆ ಕರಡು ಒಳಕ್ಕೆ ಎಳೆದುಕೊಂಡಿತ್ತು. ಹೊಲದಲ್ಲಿ ಬಿತ್ತುವ ಬೀಜದ ಹಿಂದೆ ಇನ್ನು ಮೇಲೆ ಜಿನೀವಾದ ಕಾಗದವೊಂದು ನಡೆದು ಬರಲಿದೆ ಎಂಬುದು ರೈತ ಸಂಘಕ್ಕೆ ಅರ್ಥವಾಗಿತ್ತು. ರೋಗ ಅವರಿಗೆ ಸರಿಯಾಗಿಯೇ ತಿಳಿದಿತ್ತು. ಮದ್ದು ಸರಿಯಿತ್ತೇ ಎಂಬುದು ಬೇರೆ ಮಾತು. ಬೆಂಗಳೂರಿನಲ್ಲಿ ಸುಟ್ಟ ಕಾಗದದ ಪ್ರತಿ ಜಿನೀವಾದಲ್ಲಿ ಭದ್ರವಾಗಿತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು.

ಜಾಗತೀಕರಣದ ಚರಿತ್ರೆಯನ್ನು ಸಾಮಾನ್ಯವಾಗಿ ಹಡಗುಗಳ, ಸರಕುಗಳ, ಸಾಹಸಿ ನಾವಿಕರ ಕಥೆಯಾಗಿ ಹೇಳುವುದು ರೂಢಿ. ನಮ್ಮಲ್ಲಿಯಂತೂ ಅದು 1991ರಲ್ಲಿ ಬಾಗಿಲು ತೆರೆದ ಕಥೆ. ಆದರೆ ಬಾಗಿಲು ಎರಡು ಸಾವಿರ ವರ್ಷಗಳಿಂದ ತೆರೆದೇ ಇದೆ. ಸರಕು ಹೋಗುತ್ತಲೇ ಇದೆ, ಬರುತ್ತಲೇ ಇದೆ. ಕಾಲಕಾಲಕ್ಕೆ ಬದಲಾದದ್ದು ಸರಕಿನ ಜೊತೆ ಸಾಗುವ ಕಾಗದ, ಮತ್ತು ಅದನ್ನು ಬರೆಯುವ ಕೈ. ಪಶ್ಚಿಮ ಕರಾವಳಿಯ ಕಾಳುಮೆಣಸಿನ ಬೆನ್ನು ಹಿಡಿದು ಹೊರಟರೆ ಇದು ಚೆನ್ನಾಗಿ ಕಾಣುತ್ತದೆ.

ಈಜಿಪ್ಟಿನ ಕೆಂಪು ಸಮುದ್ರದ ದಡದಲ್ಲಿ ಬೆರೆನಿಕೆ ಎಂಬ ಹಳೆಯ ಬಂದರಿದೆ. ಅಲ್ಲಿನ ದೇವಾಲಯದ ಅಂಗಳವನ್ನು ಅಗೆದಾಗ ಭಾರತದಲ್ಲಿ ಮಾಡಿದ ದೊಡ್ಡ ಗುಡಾಣವೊಂದು ಸಿಕ್ಕಿತು. ಅದರೊಳಗೆ ಏಳೂವರೆ ಕಿಲೋ ಕಾಳುಮೆಣಸಿತ್ತು, ಕ್ರಿಸ್ತಶಕ ಒಂದನೆಯ ಶತಮಾನದ್ದು. ಅದೇ ಕಾಲದ ರೋಮನ್ ಪಂಡಿತ ಪ್ಲಿನಿಗೆ ಮೆಣಸಿನ ಮೇಲೆ ಭಾರಿ ಸಿಟ್ಟು. ಸಿಹಿಯೂ ಇಲ್ಲ, ನೋಡಲು ಅಂದವೂ ಇಲ್ಲ, ಬರೀ ಖಾರಕ್ಕಾಗಿ ಇಂಡಿಯಾದವರೆಗೆ ಹೋಗಬೇಕೇ ಎಂದು ಅವನು ಗೊಣಗಿದ. ಇಂಡಿಯಾ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಹೀರಿಕೊಳ್ಳುತ್ತಿದೆ ಎಂದು ಲೆಕ್ಕವನ್ನೂ ಕೊಟ್ಟ. ಆಮದಿನಿಂದ ದೇಶದ ಹಣ ಸೋರಿಹೋಗುತ್ತಿದೆ ಎಂಬ ಇಂದಿನ ಟಿವಿ ಚರ್ಚೆಯ ಮಾತಿಗೆ ಇಷ್ಟು ವಯಸ್ಸಾಗಿದೆ.

ಪ್ಲಿನಿ ಹೇಳದೆ ಬಿಟ್ಟ ಇನ್ನೊಂದು ಲೆಕ್ಕ ವಿಯೆನ್ನಾದ ಗ್ರಂಥಾಲಯದಲ್ಲಿರುವ ಒಂದು ಪ್ಯಾಪಿರಸ್ ಹಾಳೆಯಲ್ಲಿದೆ. ಎರಡನೆಯ ಶತಮಾನದ ನಡುವಿನ ಆ ಹಾಳೆ ಕೇರಳದ ಮುಚಿರಿಯಿಂದ ಬಂದ ‘ಹರ್ಮಪೊಲ್ಲೋನ್’ ಎಂಬ ಹಡಗಿನ ಸರಕಿಗೆ ಸಂಬಂಧಿಸಿದ್ದು. ಒಂದು ಬದಿಯಲ್ಲಿ ಸಾಲದ ಕರಾರು. ಇನ್ನೊಂದು ಬದಿಯಲ್ಲಿ ಜಟಾಮಾಂಸಿ, ಆನೆದಂತ ಮುಂತಾದವುಗಳ ತೂಕ ಮತ್ತು ಬೆಲೆ. ಒಟ್ಟು ಮೌಲ್ಯ ಸುಮಾರು 70 ಲಕ್ಷ ಸೆಸ್ಟರ್ಸ್. ರೋಮನ್ ಗಡಿಯಲ್ಲಿ ಈ ಸರಕಿಗೆ ಕೊಡಬೇಕಾದ ಸುಂಕ ನಾಲ್ಕರಲ್ಲಿ ಒಂದು ಪಾಲು. ಇಂಡಿಯಾ ಹಣ ಹೀರುತ್ತಿದೆ ಎಂದು ಪ್ಲಿನಿ ಕೊರಗುತ್ತಿದ್ದ ಸಾಮ್ರಾಜ್ಯ ಕಡಲಿಗೆ ಇಳಿಯದೆ, ಬಳ್ಳಿಯನ್ನು ಕಣ್ಣಿಂದ ನೋಡದೆ, ಪ್ರತಿ ಹಡಗಿನಿಂದ ಕಾಲು ಭಾಗ ಎತ್ತಿಕೊಳ್ಳುತ್ತಿತ್ತು. ಸಾಲ ಕೊಟ್ಟವನ ಪಾಲು, ಒಂಟೆಯ ಮೇಲೆ ಸಾಗಿಸುವ ವ್ಯವಸ್ಥೆ, ಗೋದಾಮಿನ ಮುದ್ರೆ, ಎಲ್ಲವೂ ಆ ಹಾಳೆಯಲ್ಲಿವೆ. ಕಾಡಿನಿಂದ ಸರಕು ತಂದುಕೊಟ್ಟವನಿಗೆ ಎಷ್ಟು ಸಿಕ್ಕಿತು ಎಂಬುದು ಮಾತ್ರ ಇಲ್ಲ. ಮುಂದಿನ ಎರಡು ಸಾವಿರ ವರ್ಷಗಳ ವ್ಯಾಪಾರದ ಕಾಗದಗಳಲ್ಲೂ ಈ ಒಂದು ಸಾಲು ಸಿಗುವುದು ಅಪರೂಪ.

ಕಾಗದವೆಂದರೆ ಯಜಮಾನಿಕೆ ಎಂದು ಇದರಿಂದ ಕೂಡಲೇ ತೀರ್ಮಾನಿಸುವುದೂ ತಪ್ಪು. ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ದಖ್ಖನದಾಚೆಗೂ ಹರಡಿತ್ತು. ಸುಮಾತ್ರಾದ ಬಾರೂಸ್ ಬಳಿ ಸಿಕ್ಕಿರುವ 1088ರ ತಮಿಳು ಶಾಸನವೊಂದು ಈ ಸಂಘದ್ದು. ಹಡಗಿನವರು ಸಂಘಕ್ಕೆ ಸಲ್ಲಿಸಬೇಕಾದ ಸುಂಕದ ಕಟ್ಟಳೆಯನ್ನು ಅದರಲ್ಲಿ ಕೆತ್ತಿಸಿದ್ದಾರೆ. ಮಲಪ್ರಭೆಯ ದಂಡೆಯ ಊರಿನ ಹೆಸರಿನಲ್ಲಿ, ತಮಿಳಿನಲ್ಲಿ, ಸುಮಾತ್ರಾದ ಮಣ್ಣಿನಲ್ಲಿ ನಿಯಮ! ಅಲ್ಲಿ ನಿಯಮ ಬರೆದವರು ವ್ಯಾಪಾರಿಗಳೇ.

ಇನ್ನೂ ಆಪ್ತವಾದ ಚಿತ್ರ ಮಂಗಳೂರಿನದು. ಉತ್ತರ ಆಫ್ರಿಕಾದ ಮಹ್ದಿಯಾ ಊರಿನ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿಗೆ ಬಂದು, 1149ರವರೆಗೆ ಮಲಬಾರಿನ ಈ ತೀರದಲ್ಲೇ ಸಂಸಾರ ಹೂಡಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸಿದ. ಏಡನ್‌ನ ಗೆಳೆಯರು ಅವನಿಗೆ ಹಳೆಯ ತಾಮ್ರ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಜೊತೆಗೆ ಬರೆಯಲು ಕಾಗದವನ್ನೂ. ತಾಳೆಗರಿಯ ನಾಡಿನಲ್ಲಿ ಕಾಗದ ಆಮದಿನ ವಸ್ತು. ‘ಕಾಗದ’ ಎಂಬ ಮಾತೇ ಪಾರಸಿಯ ಕಡೆಯಿಂದ ನಮಗೆ ಬಂದದ್ದು. ಈ ಪತ್ರಗಳು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಕೋಣೆಯೊಂದರಲ್ಲಿ ನೂರಾರು ವರ್ಷ ಉಳಿದು, ಪಂಡಿತ ಗೊಯಿಟೈನ್ ಅವರ ದುಡಿಮೆಯಿಂದ ಓದಿಗೆ ಸಿಕ್ಕವು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬೆನ್ ಯಿಜುವಿನ ಸೇವಕ ಬೊಮ್ಮನ ಜಾಡು ಹಿಡಿದು ತುಳುನಾಡಿಗೇ ಬಂದರು.

ಆ ಪತ್ರಗಳಲ್ಲಿ ಮೋಸವೂ ಇದೆ. ಏಲಕ್ಕಿಗೆಂದು ಮುಂಗಡ ಪಡೆದ ದಲ್ಲಾಳಿಯೊಬ್ಬ ಸರಕು ಕೊಡದೆ ವರ್ಷಗಟ್ಟಲೆ ಸತಾಯಿಸಿದ್ದಕ್ಕೆ ಏಡನ್‌ನಿಂದ ಶಾಪದ ಮೇಲೆ ಶಾಪ. ಆದರೆ ದಂಡೆತ್ತಿ ಬರುವ ಮಾತಿಲ್ಲ. ಯಹೂದಿ, ಅರಬ, ಗುಜರಾತಿ, ತುಳುವ ವರ್ತಕರ ಈ ಜಾಲಕ್ಕೆ ಸಮಾನ ಕೋರ್ಟೂ ಇರಲಿಲ್ಲ, ಸಮಾನ ದೇವರೂ ಇರಲಿಲ್ಲ. ಮಾತು ತಪ್ಪಿದವನ ಮರ್ಯಾದೆ ಹೋಗುತ್ತದೆ ಎಂಬ ಭಯವೇ ಅಲ್ಲಿನ ಕಾನೂನು. ಈ ಲೋಕವನ್ನು ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಬೆನ್ ಯಿಜು ಮದುವೆಯಾದ ಅಶು ಅವನು ಬಿಡುಗಡೆ ಮಾಡಿದ ಗುಲಾಮ ಹೆಣ್ಣು. ಆದರೂ ಆ ಕಡಲಿನಲ್ಲಿ ಹಡಗು ಬಿಡಲು ಯಾರೊಬ್ಬರ ಅಪ್ಪಣೆಯೂ ಬೇಕಿರಲಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಇನ್ನೊಂದು ವಿಚಿತ್ರ ‘ಕಾಗದ’ ಸಿಗುತ್ತದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿರುವಂತೆ, ಸಾಳುವ ನರಸಿಂಹನಿಗೆ ಓರ್ಮುಜ್, ಏಡನ್ ಕಡೆಯ ಕುದುರೆಗಳ ಮೇಲೆ ಎಷ್ಟು ಆಸೆಯೆಂದರೆ, ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆ ಕೊಡಿಸುತ್ತಿದ್ದನಂತೆ. ಬಾಲವೇ ರಸೀದಿ. ಇಂದಿನ ಹಡಗು ವಿಮೆಯವರು ಇಷ್ಟು ಉದಾರಿಗಳಲ್ಲ.

1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಅವನು ಮೊದಲು ದಡಕ್ಕೆ ಕಳಿಸಿದ ಮನುಷ್ಯನಿಗೆ ಅಲ್ಲಿ ಎದುರಾದವರು ಟ್ಯುನಿಸ್‌ನ ಇಬ್ಬರು. ಕ್ಯಾಸ್ಟಿಲಿಯನ್ ಮತ್ತು ಜಿನೋವಾದ ಭಾಷೆ ಬಲ್ಲವರು. ಯೂರೋಪು ಭಾರತವನ್ನು ‘ಕಂಡುಹಿಡಿದ’ ದಿನ ದಡದ ಮೇಲೆ ಯೂರೋಪಿನ ಮಾತು ಆಡುವವರು ಮೊದಲೇ ನಿಂತಿದ್ದರು. ಗಾಮನ ಹಿಂದೆ ಬಂದವರು ತಂದ ಹೊಸತು ಹಡಗಿನ ಮೇಲಿನ ಫಿರಂಗಿ ಮತ್ತು ಅದರ ಬಲದಿಂದ ಹುಟ್ಟಿದ ‘ಕಾರ್ತಾಜ್’ ಎಂಬ ರಹದಾರಿ ಚೀಟಿ. ಆ ಹೆಸರೂ ಹಾಳೆ ಎಂಬ ಅರ್ಥದ ಅರಬ್ಬಿ ‘ಕಿರ್ತಾಸ್’ನಿಂದ ಬಂದದ್ದೆನ್ನುತ್ತಾರೆ. ಹಡಗಿನ ಒಡೆಯ ಯಾರು, ಏನು ತುಂಬಿದ್ದಾನೆ, ಎಲ್ಲಿಗೆ ಹೊರಟಿದ್ದಾನೆ, ಯಾವ ಪೋರ್ಚುಗೀಸ್ ಬಂದರಿನಲ್ಲಿ ಸುಂಕ ಕಟ್ಟಬೇಕು, ಎಲ್ಲ ಅದರಲ್ಲಿ. ಮೆಣಸಿನಂಥ ಸರಕು ಪೋರ್ಚುಗಲ್ ರಾಜನ ಏಕಸ್ವಾಮ್ಯ. ಅದನ್ನು ಬೇರೆಯವರು ತುಂಬುವಂತಿಲ್ಲ. ಚೀಟಿಯಿಲ್ಲದ ಹಡಗು ಸಿಕ್ಕರೆ ಲೂಟಿ. ಅಕ್ಬರನ ಕಾಲದಲ್ಲಿ ಮೆಕ್ಕಾಕ್ಕೆ ಹೊರಟ ಯಾತ್ರಿಕರ ಹಡಗಿಗೂ ಈ ಚೀಟಿ ಬೇಕಾಗಿತ್ತು.

ಶತಮಾನಗಳಿಂದ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿದ ನೀರಿನಲ್ಲಿ, ಪೋರ್ಚುಗೀಸರು ತಾವೇ ಒಡ್ಡಿದ ಅಪಾಯದಿಂದ ರಕ್ಷಣೆ ಕೊಡುವ ಚೀಟಿಯನ್ನು ತಾವೇ ಮಾರಿದರು. ಕೆನರಾ ಕರಾವಳಿಗೆ ಇದರ ಬಿಸಿ ಬೇಗ ತಟ್ಟಿತು. 1502ರಲ್ಲಿ ಗಾಮನ ಪಡೆ ಭಟ್ಕಳದ ಮೇಲೆ ಬಿದ್ದು, ಅಕ್ಕಿಯ ಕಪ್ಪಕ್ಕೆ ಒಪ್ಪಿಸಿತು. 1510ರಲ್ಲಿ ಗೋವಾ ಕೈವಶವಾದ ಮೇಲೆ ಕುದುರೆಯ ಹಡಗುಗಳೆಲ್ಲ ಅಲ್ಲೇ ತಂಗಬೇಕೆಂಬ ಕಟ್ಟಳೆ ಬಂತು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಪೋರ್ಚುಗೀಸರ ಠಾಣೆಗಳೆದ್ದವು.

ಆದರೆ ಬೆಳೆಯ ಹತ್ತಿರ ಇದ್ದವರ ಕೈ ಪೂರ್ತಿ ಕಟ್ಟಿರಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ಡ ಪಿಮೆಂಟಾ’, ಮೆಣಸಿನ ರಾಣಿ, ಎಂದು ಕರೆದದ್ದು ಪ್ರೀತಿಯಿಂದಲ್ಲ. ಆಕೆ ಅವರ ಜೊತೆ ಕಾದಿದ್ದೂ ಉಂಟು, ವ್ಯಾಪಾರ ಮಾಡಿದ್ದೂ ಉಂಟು. ಆಕೆಯ ನಂತರ ಬಂದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ 1623ರಲ್ಲಿ ಗೋವಾದಿಂದ ರಾಯಭಾರಿಯೊಬ್ಬ ಇಕ್ಕೇರಿಗೆ ಘಟ್ಟ ಹತ್ತಿ ಬಂದ. ಜೊತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಆ ಪಯಣವನ್ನು ವಿವರವಾಗಿ ಬರೆದಿದ್ದಾನೆ. ಕಡಲಿನಲ್ಲಿ ಎಲ್ಲರಿಂದ ಚೀಟಿ ಕೇಳುತ್ತಿದ್ದವರು ಮಲೆನಾಡಿನಲ್ಲಿ ಕಾದು ಕೂರಬೇಕಾಯಿತು. ನಾಯಕನ ಬಲ ಸೈನ್ಯದಲ್ಲಷ್ಟೇ ಇರಲಿಲ್ಲ. ಒಬ್ಬನಿಗೆ ಕೊಡದಿದ್ದರೆ ಇನ್ನೊಬ್ಬನಿಗೆ ಮಾರಬಹುದಾಗಿದ್ದದ್ದೇ ಅವನ ದೊಡ್ಡ ಬಲ.

ಆ ಬಲ ಇಲ್ಲದಿದ್ದರೆ ಏನಾಗುತ್ತಿತ್ತು? ಅದಕ್ಕೆ ಇಂಡೊನೇಷ್ಯಾದ ಬಂಡಾ ದ್ವೀಪಗಳನ್ನು ನೋಡಬೇಕು. ಆಗ ಜಾಯಿಕಾಯಿ ಬೆಳೆಯುತ್ತಿದ್ದುದು ಅಲ್ಲಿ ಮಾತ್ರ. ಡಚ್ಚರು ದ್ವೀಪದ ಮುಖ್ಯಸ್ಥರಿಂದ ತಮಗೊಬ್ಬರಿಗೇ ಮಾರಬೇಕೆಂಬ ಕರಾರಿಗೆ ಸಹಿ ಹಾಕಿಸಿಕೊಂಡರು. ಸಹಿ ಮಾಡಿದವರಿಗೆ ಓದಲು ಬಾರದ ಭಾಷೆ. ಅವರು ಎಂದಿನಂತೆ ಜಾವಾದವರಿಗೂ ಇಂಗ್ಲಿಷರಿಗೂ ಮಾರಿದಾಗ ಅದು ಕರಾರು ಭಂಗ. 1621ರಲ್ಲಿ ಡಚ್ ಕಂಪನಿಯ ಯಾನ್ ಪೀಟರ್ಸ್‌ಜೋನ್ ಕೂನ್ ದಂಡಿಳಿಸಿದ. ಸುಮಾರು 15,000 ಜನರಲ್ಲಿ ಸಾವಿರದಷ್ಟು ಮಂದಿ ಮಾತ್ರ ದ್ವೀಪದಲ್ಲಿ ಉಳಿದರೆಂದು ಅಂದಾಜು. ಉಳಿದವರು ಸತ್ತರು, ಓಡಿಹೋದರು, ಗುಲಾಮರಾಗಿ ಸಾಗಿಸಲ್ಪಟ್ಟರು. ಎಲ್ಲವೂ ಕರಾರಿನ ಹೆಸರಿನಲ್ಲಿ.

ಇದೇ ಕಾಲದಲ್ಲಿ ಯಾವ ಕಾಗದವೂ ಇಲ್ಲದೆ ಒಳಬಂದ ಸರಕೂ ಒಂದಿದೆ. ಅಮೆರಿಕ ಖಂಡದ ಒಂದು ಕಾಯಿ ಪೋರ್ಚುಗೀಸ್ ಹಡಗುಗಳಲ್ಲಿ ಬಂದು ನಮ್ಮ ಹಿತ್ತಲು ಹೊಕ್ಕಿತು. ಅದಕ್ಕೆ ಹೆಸರಿರಲಿಲ್ಲ, ಖಾರವೆಂದರೆ ಮೆಣಸು, ಹಾಗಾಗಿ ಅದು ‘ಮೆಣಸಿನಕಾಯಿ’ ಆಯಿತು. ಬಂದ ನೆಂಟ ಮನೆಯ ಹೆಸರನ್ನೇ ಹೊತ್ತುಕೊಂಡ. ಮನೆಯವನಿಗೆ ಬೇರೆ ಗುರುತು ಬೇಕಾಯಿತು: ಕರಿಮೆಣಸು, ಕಾಳುಮೆಣಸು. ಕರಾವಳಿಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’. ಹೊಸಬನ ಬಗ್ಗೆ ಆ ಮಂದಿಗಿದ್ದ ಅನುಮಾನ ‘ಒಳ್ಳೆ’ ಎಂಬ ಮಾತಿನಲ್ಲಿ ಇನ್ನೂ ಉಳಿದಿದೆ. ಅನಾನಸು, ಬಟಾಟೆ, ಗೇರುಬೀಜ, ಪಪ್ಪಾಯಿಗಳೂ ಹೀಗೇ ಬಂದವು. ಇಂದು ಬ್ಯಾಡಗಿಯ ಮಾರುಕಟ್ಟೆಗೆ ಬರುವ ಕೆಂಪು ರಾಶಿಗಳನ್ನು ನೋಡಿದವರು ಅದರ ಮೂಲ ಸಮುದ್ರದಾಚೆಯದೆಂದು ನಂಬುವುದು ಕಷ್ಟ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು. ಕಾಗದವಿಲ್ಲದೆ ಬಂದದ್ದಕ್ಕೆ ನಾನೂರು ವರ್ಷಗಳ ಮೇಲೆ ಊರಿನ ಕಾಗದ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದದ ಹಿಡಿತ ಬಂದರಿನಿಂದ ಹೊಲಕ್ಕೆ ಇಳಿಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಲ್ಯಾಂಕಶೈರ್‌ನ ಗಿರಣಿಗಳಿಗೆ ಹತ್ತಿ ನಿಂತಾಗ ಎಲ್ಲರ ಕಣ್ಣು ಧಾರವಾಡದ ಎರೆಹೊಲದ ಮೇಲೆ ಬಿತ್ತು; ಅಮೆರಿಕದ ತಳಿ ಅಲ್ಲಿ ಆಗಲೇ ನೆಲೆಯೂರಿತ್ತು. ಹತ್ತಿ ಇಳಿಸಲು ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರ್ ಒತ್ತಾಯಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ಬೇರೆ ಖಂಡದ ಯುದ್ಧವೊಂದು ಕನ್ನಡ ನಾಡಿನ ಜಿಲ್ಲೆಯ ಗಡಿಯನ್ನು ಎಳೆಯಿತು. ಬೆಲೆ ಏರಿದ್ದೇ ಕಲಬೆರಕೆಯೂ ಏರಿತು. 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ತಡೆಗೆಂದೇ ಕಾಯಿದೆ ತಂದಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಮುಂಬೈಯ ಬ್ಯಾಂಕುಗಳು ಮುಳುಗಿದವು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ರೈತನ ಹೆಸರು ಮಾತ್ರ ಸಾಹುಕಾರನ ಖಾತೆಯಲ್ಲಿ ಉಳಿಯಿತು. ಚೀಲದ ಕಲಬೆರಕೆಗೆ ಕಾಯಿದೆ ಬಂತು. ಲಿವರ್‌ಪೂಲ್‌ನ ಬೆಲೆಯಾಟಕ್ಕೆ ಯಾವ ಕಾಯಿದೆಯೂ ಬರಲಿಲ್ಲ.

1869ರ ಸುಯೆಜ್ ಕಾಲುವೆ, ತಂತಿ, ಉಗಿಹಡಗು ಸೇರಿ 1914ರವರೆಗೆ ಜಗತ್ತು ಹಿಂದೆಂದೂ ಇಲ್ಲದಷ್ಟು ಹತ್ತಿರವಾಯಿತು. ಒಂದು ಮಹಾಯುದ್ಧ, 1930ರ ಅಮೆರಿಕದ ಸುಂಕದ ಗೋಡೆ, ಇನ್ನೊಂದು ಮಹಾಯುದ್ಧ, ಇವು ಅದನ್ನು ಚೂರು ಮಾಡಿದವು. 1947ರಲ್ಲಿ 23 ದೇಶಗಳು ಗ್ಯಾಟ್‌ಗೆ ಸಹಿ ಹಾಕಿದವು. ಭಾರತವೂ ಅವುಗಳಲ್ಲಿ ಒಂದು. 1956ರಲ್ಲಿ ಮಾಲ್ಕಂ ಮೆಕ್ಲೀನ್ 58 ಲೋಹದ ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹೂಸ್ಟನ್‌ಗೆ ಹಡಗಿನಲ್ಲಿ ಕಳಿಸಿದ್ದರಿಂದ ಜಗತ್ತು ಬದಲಾಯಿತೆನ್ನುತ್ತಾರೆ. ಪೆಟ್ಟಿಗೆಗಿಂತ ಹೆಚ್ಚು ಕೆಲಸ ಮಾಡಿದ್ದು ನಂತರ ಎಲ್ಲರೂ ಒಪ್ಪಿದ ಅಳತೆ. ಇಪ್ಪತ್ತಡಿ, ನಲವತ್ತಡಿ ಎಂಬ ಆ ಒಪ್ಪಂದವಿಲ್ಲದಿದ್ದರೆ ಒಂದು ಬಂದರಿನ ಪೆಟ್ಟಿಗೆ ಇನ್ನೊಂದು ಬಂದರಿನ ಕ್ರೇನಿಗೆ ಹೊಂದುತ್ತಿರಲಿಲ್ಲ.

ಹಾಗೆಂದು ನಿಯಮವೇ ಬೇಡ ಎನ್ನುವವರ ಜೊತೆ ಸೇರುವುದು ಕಷ್ಟ. ಅಪರಿಚಿತರ ನಡುವೆ ವ್ಯಾಪಾರ ನಡೆಯಬೇಕಾದರೆ ಬರಹ ಬೇಕೇ ಬೇಕು. ನಿಯಮವೇ ಇಲ್ಲದಲ್ಲಿ ಗೆಲ್ಲುವವನು ಫಿರಂಗಿ ಇದ್ದವನು. ಬರಹವಿಲ್ಲದವನ ಪಾಡೇನೆಂದು ಅರಿಶಿನದ ಪ್ರಕರಣ ತೋರಿಸಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ಅಜ್ಜಿ ಹಚ್ಚುತ್ತಿದ್ದಳೆಂದರೆ ಸಾಲದು, ಅಚ್ಚಾದ ಪುರಾವೆ ತನ್ನಿ ಎಂಬುದು ಅಲ್ಲಿನ ಪದ್ಧತಿ. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಬರಹಗಳನ್ನು ಒಟ್ಟುಗೂಡಿಸಿ ಕೊಟ್ಟ ಮೇಲೆ 1997ರಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದೇನೋ ನಿಜ. ಆದರೆ ಗೆಲ್ಲಲು ದೇಶದ ಸಂಸ್ಥೆಯೊಂದು ಬೇಕಾಯಿತು. ಒಬ್ಬ ಬೆಳೆಗಾರನಿಂದ ಆಗುವ ಕೆಲಸವಲ್ಲ ಅದು.

ಮೆಣಸಿನ ಮಾತಿಗೆ ಮರಳಿದರೆ, ಭಾರತದಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ರಾಜ್ಯ ಈಗ ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳೇ ಅದರ ಮನೆ. ಆದರೆ ಲೋಕದ ಮೆಣಸಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಬರುವುದು ವಿಯೆಟ್ನಾಮಿನಿಂದ, ಮೂವತ್ತು ವರ್ಷಗಳ ಹಿಂದೆ ಲೆಕ್ಕಕ್ಕೇ ಇಲ್ಲದ ದೇಶದಿಂದ. ಅಗ್ಗದ ಬೆಳೆ ಅಗ್ಗಕ್ಕೆ ಮಾರಿದರೆ ಅದನ್ನು ದೂರುವುದು ನ್ಯಾಯವಲ್ಲ. ಮಲೆನಾಡಿನ ಬೆಳೆಗಾರರ ತಕರಾರು ಬೇರೆ. ಶ್ರೀಲಂಕಾದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದಿದೆ. ಅಲ್ಲಿನ ಮೆಣಸಿಗೆ ಸುಂಕದ ರಿಯಾಯಿತಿ ಉಂಟು. ವಿಯೆಟ್ನಾಮಿನ ಮೆಣಸು ಕೊಲಂಬೊದಲ್ಲಿ ಇಳಿದು, ‘ಮೂಲ ಶ್ರೀಲಂಕಾ’ ಎಂಬ ಪ್ರಮಾಣಪತ್ರ ಹೊತ್ತು ಇಲ್ಲಿಗೆ ಬರುತ್ತಿದೆ ಎಂಬುದು ಅವರ ಆರೋಪ. ಕಾರ್ತಾಜ್‌ಗೂ ಈ ಪತ್ರಕ್ಕೂ ಸ್ವಭಾವದಲ್ಲಿ ಹತ್ತಿರದ ಸಂಬಂಧವಿದೆ: ಚೀಲದೊಳಗೆ ಏನಿದೆ ಎಂಬುದಕ್ಕಿಂತ ಚೀಲದ ಮೇಲಿನ ಚೀಟಿ ಏನು ಹೇಳುತ್ತದೆ ಎಂಬುದೇ ಮುಖ್ಯ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಟ್ಟಿತು. ಆಮೇಲೆ ಬಂದ ದೂರು, ಬಿಲ್ಲಿನಲ್ಲಿ 500 ದಾಟಿಸಿ ಬರೆದು ಅಗ್ಗದ ಮಾಲು ತರಿಸುತ್ತಿದ್ದಾರೆ ಎಂದು. ಒಂದು ಕಾಗದಕ್ಕೆ ಇನ್ನೊಂದು ಕಾಗದ.

ಈಗ ಅದೇ ತೋಟಗಳಿಗೆ ಮತ್ತೊಂದು ಕಾಗದ ಬರುವುದರಲ್ಲಿದೆ. 2023ರಲ್ಲಿ ಯೂರೋಪಿಯನ್ ಒಕ್ಕೂಟ ಅಂಗೀಕರಿಸಿದ ನಿಯಮದಂತೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಪ್ರತಿ ಸರಕಿನ ಜೊತೆ ಅದು ಬೆಳೆದ ತೋಟದ ಅಕ್ಷಾಂಶ, ರೇಖಾಂಶ ಇರಬೇಕು. ಉದ್ದೇಶದಲ್ಲಿ ಕೊಂಕಿಲ್ಲ, ನೆರಳಿನಡಿ ಬೆಳೆಯುವ ನಮ್ಮ ಕಾಫಿಗೆ ಇದು ಲಾಭವೂ ಆಗಬಹುದು. ಆದರೆ ನಿಯಮ ಬರೆದ ಮೇಜಿನಲ್ಲಿ ಎರಡು ಎಕರೆಯ ಬೆಳೆಗಾರನಿಗೆ ಕುರ್ಚಿ ಇರಲಿಲ್ಲ. ದೊಡ್ಡ ಕಂಪನಿಗಳೂ ಸರ್ಕಾರಗಳೂ ತಕರಾರು ತೆಗೆದದ್ದರಿಂದ ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು, ಅದರ ದೊಡ್ಡ ಗಿರಾಕಿ ಇಟಲಿ. ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಭೂಮಿಯ ಹಕ್ಕು ಕಾನೂನುಬದ್ಧವಾಗಿರಬೇಕೆಂದೂ ನಿಯಮ ಕೇಳುತ್ತದೆ. ಮಲೆನಾಡಿನಲ್ಲಿ ಎಷ್ಟೋ ತೋಟಗಳ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ, ಪೌತಿ ಖಾತೆ ಆಗಿಲ್ಲ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯ ಗೋಜಲು ಅದಕ್ಕಿಂತ ಹಳೆಯದು. ಬ್ರಸೆಲ್ಸ್‌ಗೆ ಬೇಕಾದ ಉತ್ತರ ತಾಲ್ಲೂಕು ಕಚೇರಿಯ ಕಪಾಟಿನಲ್ಲಿ ಸಿಕ್ಕಿಕೊಂಡಿದೆ.

ಮೊಬೈಲ್ ಹಿಡಿದು ತೋಟದ ಅಂಚಿನಲ್ಲಿ ಗುರುತು ಹಾಕುತ್ತಾ ಹೋಗುವವನ ಸುತ್ತ ಇರುವುದನ್ನು ಒಮ್ಮೆ ನೋಡಬೇಕು. ಕಾಫಿ ಗಿಡ ಇಥಿಯೋಪಿಯಾದ್ದು, ಯೆಮೆನ್ ದಾರಿಯಾಗಿ ಬಾಬಾ ಬುಡನ್ ತಂದರೆಂದು ನಂಬಿಕೆ. ನೆರಳು ಕೊಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೊಂದೇ ಇದೇ ಮಣ್ಣಿನದು, ಮತ್ತು ಯೂರೋಪಿನ ಆ ಪಟ್ಟಿಯಲ್ಲಿ ಸದ್ಯಕ್ಕೆ ಮೆಣಸಿನ ಹೆಸರಿಲ್ಲ.